ಕ್ಲೈವನ ಕಾಲುಚೀಲ

ಆ ಶನಿವಾರ ಕ್ಲೈವ್ ಪಟ್ಟ ಪಾಡಿಗೆಲ್ಲ ಕಾರಣ ಒಂದು ಉಣ್ಣೆಯ ಕಾಲುಚೀಲ. ತೂತಿಲ್ಲದ, ಒಗೆದ, ಮೊಳೆಗೆ ಅಚ್ಚುಕಟ್ಟಾಗಿ ನೇತುಹಾಕಿದ ಕಾಲುಚೀಲ.

ಕ್ಲೈವ್, ಗೋರ್ ಎಂಬ ಊರಿನ ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವ ಸಾಧು ಮನುಷ್ಯ. ಅವನ ಹೆಂಡತಿ ವೆಂಡಿಯ ತವರಿನವರು ಮಾತ್ರ ಹುಟ್ಟು ಬೇಟೆಗಾರರು. ಪ್ರತಿ ಏಪ್ರಿಲ್‌ನಲ್ಲಿ, ಗಂಡು ಜಿಂಕೆಗಳು ಗುಟುರು ಹಾಕುವ ಕಾಲಕ್ಕೆ, ಎಲ್ಲರೂ ಕಣಿವೆಯಲ್ಲಿರುವ ತಮ್ಮ ತಗಡಿನ ಬೇಟೆಮನೆಗೆ ಹೋಗುವುದು ಪದ್ಧತಿ. ತೀರಿಕೊಂಡ ಮಾವನವರು ಆ ಮನೆಗೆ ಎರಡು ಕಾನೂನು ಮಾಡಿಟ್ಟು ಹೋಗಿದ್ದರು. ಮೊದಲನೆಯದು, ಬಂದೂಕು ಒಳಗೆ ಬಂದ ಕೂಡಲೇ ಅದರ ಬೋಲ್ಟ್ ಕಳಚಿ, ಕಾಲುಚೀಲಕ್ಕೆ ಹಾಕಿ, ತಲೆದೆಸೆಯ ಮೊಳೆಗೆ ನೇತುಹಾಕಬೇಕು. ಬೆಳಿಗ್ಗೆ ಅವರವರ ಜಾಗ ಮುಟ್ಟಿದ ಮೇಲೆಯೇ ಅದನ್ನು ಮತ್ತೆ ಕೂಡಿಸಬೇಕು. ಆ ಗೇಣುದ್ದದ ಉಕ್ಕಿನ ತುಂಡಿಲ್ಲದಿದ್ದರೆ ಬಂದೂಕಿಗೂ ಊರುಗೋಲಿಗೂ ವ್ಯತ್ಯಾಸವಿಲ್ಲ. ಎರಡನೆಯದು, ಇಲ್ಲಿ ಅಡುಗೆ ಯಾರು ಮಾಡಬೇಕೆಂದು ಹೇಳುವ ಹಕ್ಕು ಜಿಂಕೆ ಹೊಡೆದವರದು.

ಈ ಎರಡನೆಯ ಕಾನೂನಿನ ದೆಸೆಯಿಂದ ಕ್ಲೈವ್ ಮದುವೆಯಾದ ವರ್ಷದಿಂದಲೂ ಅಡುಗೆಭಟ್ಟನಾಗಿದ್ದ. ದೊಡ್ಡ ಭಾವ ಸೆಲ್ವಿನ್ ಹೊಡೆಯಲಿ, ಚಿಕ್ಕ ಭಾವ ಬ್ಯಾರಿ ಹೊಡೆಯಲಿ, ಅವರ ಗೆಳೆಯ ವಿರೆಮು ಹೊಡೆಯಲಿ, ಬೆರಳು ತೋರುತ್ತಿದ್ದದ್ದು ಅವನ ಕಡೆಗೇ. ಗುಲಾಬಿ ಹೂವಿನ ಏಪ್ರನ್ ಕಟ್ಟಿಕೊಂಡು ಪಾತ್ರೆ ತಿಕ್ಕುವ ಅವನ ಫೋಟೋ ನೆಂಟರಿಷ್ಟರ ಫೋನುಗಳಲ್ಲೆಲ್ಲ ಓಡಾಡಿ, ಕೊನೆಗೆ ಅವನ ಅಂಗಡಿಯ ಗೋಡೆಗೂ ಬಂದು ಅಂಟಿಕೊಂಡಿತ್ತು. ಈ ವರ್ಷ ಏನಾದರಾಗಲಿ, ಒಂದು ಜಿಂಕೆ ಹೊಡೆದು ಆ ಏಪ್ರನ್ನನ್ನು ಸೆಲ್ವಿನ್‌ನ ಹೊಟ್ಟೆಗೆ ಕಟ್ಟಲೇಬೇಕು ಎಂದು ಅವನು ಪಣ ತೊಟ್ಟಿದ್ದ.

ಈ ಸಲ ಅತ್ತೆ ನೋಲೀನ್ ಕೂಡ ಜೊತೆಗೆ ಬಂದಿದ್ದರು. ಶುಕ್ರವಾರ ಊಟಕ್ಕೆ ಕೂತಾಗ ಅವರು ಮೆಲ್ಲಗೆ ಬಾಯಿಬಿಟ್ಟರು.

"ನಿಮ್ಮಪ್ಪನ ಬಂದೂಕು ತಂದಿದೀನಿ ಕಣ್ರೋ. ನಾಳೆ ನಾನೂ ಹೊಳೆ ಕಡೆ ಹೋಗ್ತೀನಿ."

ಸೆಲ್ವಿನ್ ನಕ್ಕ. "ಆ ಮೊಣಕಾಲು ಇಟ್ಕೊಂಡು ಹೊಳೆಗಾ ಅಮ್ಮ? ಜಿಂಕೇನೇ ಪಾಪ ಅಂತ ನಿನ್ನ ಕೈಹಿಡಿದು ದಾಟಿಸ್ಬೇಕು ಅಷ್ಟೆ."

"ಬೆಚ್ಚಗೆ ಒಲೆ ಹತ್ರ ಕೂತು ಸ್ವೆಟರ್ ಹೆಣಿ," ಎಂದ ಬ್ಯಾರಿ.

"ನಾವು ಬರೋ ಹೊತ್ತಿಗೆ ಟೀ ಬಿಸಿಯಾಗಿದ್ರೆ ಸಾಕು ಆಂಟಿ," ಎಂದು ವಿರೆಮು ತನ್ನ ಪಾಲಿನದನ್ನೂ ಸೇರಿಸಿದ.

ಅತ್ತೆ ಕ್ಲೈವನ ಮುಖ ನೋಡಿದರು. 'ಅವರೂ ಬರಲಿ ಬಿಡಿ' ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಭಾವಂದಿರ ಮುಖ ಕಂಡಿತು, ತೆರೆದ ಬಾಯಿಗೆ ಒಂದು ಆಲೂಗಡ್ಡೆ ತುರುಕಿಕೊಂಡ. ಅತ್ತೆ ಹೆಣಿಗೆ ಕೈಗೆತ್ತಿಕೊಂಡರು.

ಬೆಳಕು ಹರಿಯುವ ಮೊದಲೇ ಎದ್ದ ನಾಲ್ವರೂ ಕತ್ತಲಲ್ಲೇ ಬೂಟು ತೊಟ್ಟು, ಕಾಲುಚೀಲ ಜೇಬಿಗೆ ತುರುಕಿ, ನಾಲ್ಕು ದಿಕ್ಕಿಗೆ ಹೊರಟರು. ಕ್ಲೈವನಿಗೆ ಎಂದಿನಂತೆ ಸಿಕ್ಕಿದ್ದು ಜೌಗು. ಅಲ್ಲಿ ಜಿಂಕೆ ಕಂಡವರನ್ನು ಕಂಡವರಿಲ್ಲ. ದಾರಿಯಲ್ಲಿ ಎರಡು ಸಲ ಬಿದ್ದ. ಒಂದು ಸಲ ಕೆಸರಿಗೆ, ಇನ್ನೊಂದು ಸಲ ಕೆಸರು ತೊಳೆಯಲು ಹೋದ ತೊರೆಗೆ. ಅಂತೂ ನಡುಗುತ್ತ ಒಂದು ಪೊದೆಯ ಹಿಂದೆ ಕೂತು, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಕಾಲುಚೀಲದೊಳಗೆ ಕೈ ಹಾಕಿದ.

ಕೈಗೆ ಬಂದದ್ದು ಕ್ಯಾರೆಟ್.

ತಿರುಗಿಸಿ ನೋಡಿದ. ಎತ್ತ ತಿರುಗಿಸಿದರೂ ಅದು ಕ್ಯಾರೆಟ್ಟೇ ಆಗಿತ್ತು. ಅದರಲ್ಲೂ ಸಾರಿಗೆಂದು ಅವನೇ ಅಂಗಡಿಯಲ್ಲಿ ಆರಿಸಿ ತಂದಿದ್ದ ದಪ್ಪ ಕ್ಯಾರೆಟ್.

"ಸೆಲ್ವಿನ್," ಎಂದು ಹಲ್ಲು ಕಡಿದ. ಇದು ಭಾವನದೇ ಕೆಲಸ, ತನ್ನನ್ನು ಸಾಯುವ ತನಕ ಒಲೆಯ ಮುಂದೆ ಕೂರಿಸಲು ಹೂಡಿದ ಆಟ. ವಾಪಸು ಹೋಗಿ ಕೇಳೋಣವೆಂದರೆ ಅವರಿಗೆ ಬೇಕಾದದ್ದೂ ಅದೇ. ಬಂದೂಕಿಗೆ ಕ್ಯಾರೆಟ್ ತುರುಕಿದ ಅಳಿಯನ ಕತೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಆ ಸಂತೋಷ ಅವರಿಗೆ ಕೊಡಬಾರದು, ತುಟಿಪಿಟಕ್ ಎನ್ನದೆ ಮಧ್ಯಾಹ್ನದವರೆಗೆ ಇಲ್ಲೇ ಕೂತು ಎದ್ದು ಹೋಗುವುದು ಎಂದು ನಿಶ್ಚಯಿಸಿದ.

ಗ್ರಹಚಾರ ನೋಡಿ, ಇಷ್ಟು ವರ್ಷ ಒಂದು ಮೊಲವೂ ಸುಳಿಯದ ಆ ಜೌಗಿಗೆ ಅವತ್ತೇ ಜಿಂಕೆ ಬಂತು. ಮೊದಲು ಗುಟುರು ಕೇಳಿತು. ಆಮೇಲೆ ಹುಲ್ಲು ಸರಿಯಿತು. ಮಂಜಿನೊಳಗಿಂದ ಮರದಂಥ ಕೊಂಬು ಹೊತ್ತ ಗಂಡು ಜಿಂಕೆಯೊಂದು ಬಂದು, ಕಲ್ಲೆಸೆಯುವ ದೂರದಲ್ಲಿ ನಿಂತು, ಅವನನ್ನೇ ನೋಡಿತು. ಕ್ಲೈವನಿಗೆ ಮೈ ಜುಮ್ಮೆಂದಿತು. ಅಷ್ಟು ಚೆಂದದ್ದನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಮರುಗಳಿಗೆ ಏಪ್ರನ್ ನೆನಪಾಗಿ ಅಳು ಬಂತು. ತಡೆಯಲಾರದೆ ಬಂದೂಕನ್ನು ಭುಜಕ್ಕೇರಿಸಿ, ಗುರಿ ಹಿಡಿದು, ಬಾಯಿಂದಲೇ "ಢಂ" ಎಂದ.

ಜಿಂಕೆ ಕದಲಲಿಲ್ಲ. ಇದೆಂಥ ಪ್ರಾಣಿ ಎಂಬಂತೆ ಕಿವಿ ನಿಮಿರಿಸಿತು. ಕ್ಲೈವನಿಗೆ ಸಿಟ್ಟು ಬಂತು, ಹಸಿವೂ ಆಗಿತ್ತು. ಕ್ಯಾರೆಟ್ಟನ್ನು ಕಟಂ ಎಂದು ಕಚ್ಚಿದ. ಆ ಸದ್ದಿಗೆ ಜಿಂಕೆ ಬೆದರಿ ಹೊಳೆಯ ಕಡೆಗೆ ಓಟ ಕಿತ್ತಿತು. ಅವನು ಕ್ಯಾರೆಟ್ ಮುಗಿಸುವಷ್ಟರಲ್ಲಿ ಆ ದಿಕ್ಕಿನಿಂದ ಒಂದು ಈಡು ಕೇಳಿಸಿತು. "ಹೊಡೆದ," ಎಂದು ನಿಟ್ಟುಸಿರುಬಿಟ್ಟ. ತನ್ನ ಜಿಂಕೆಯನ್ನು ಭಾವ ಹೊಡೆದನಲ್ಲ ಎಂದು ಕ್ಯಾರೆಟ್ಟಿನ ತೊಟ್ಟನ್ನು ಕೆಸರಿಗೆ ಎಸೆದ.

ಮಧ್ಯಾಹ್ನ ಮರಳುವಾಗ ದಾರಿಯಲ್ಲಿ ವಿರೆಮು ಸಿಕ್ಕಿದ.

"ಏನು ಬ್ರೋ, ಬರಿಗೈ?"

"ಒಂದು ಬಂದಿತ್ತು, ಒಳ್ಳೇದೇ. ಯಾಕೋ ಪಾಪ ಅನ್ನಿಸ್ತು, ಬಿಟ್ಬಿಟ್ಟೆ," ಎಂದ ಕ್ಲೈವ್. "ನಿನಗೆ?"

"ನನಗೂ ಹಾಗೇ. ಪಾಪ ಅನ್ನಿಸ್ತು," ಎಂದ ವಿರೆಮು.

ಹಂದಿಯ ಮೇಲೂ ಬಾತುಕೋಳಿಯ ಮೇಲೂ ಇಲ್ಲದ ಕರುಣೆ ವಿರೆಮುಗೆ ಜಿಂಕೆಯ ಮೇಲೆ ಯಾವಾಗ ಹುಟ್ಟಿತೆಂದು ಕ್ಲೈವನಿಗೆ ತಿಳಿಯಲಿಲ್ಲ. ಇಬ್ಬರೂ ಓರೆಗಣ್ಣಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಬೇಟೆಮನೆಗೆ ಬಂದರು. ಅಲ್ಲಿ ಭಾವಂದಿರೂ ಬರಿಗೈಯಲ್ಲೇ ಕೂತಿದ್ದರು. ಅತ್ತೆಯ ಹೆಣಿಗೆ ಕುರ್ಚಿಯ ಮೇಲಿತ್ತು, ಅತ್ತೆ ಇರಲಿಲ್ಲ. ಕಾಲಾಡಿಸಲು ಹೋಗಿರಬೇಕು ಎಂದುಕೊಂಡರು.

"ಗಾಳಿ ಸರಿ ಇರ್ಲಿಲ್ಲ ಕಣಯ್ಯ," ಎಂದ ಸೆಲ್ವಿನ್.

"ನಾನು ನೋಡಿದ್ದರ ಕೊಂಬು ತೀರಾ ಸಣ್ಣದು," ಎಂದ ಬ್ಯಾರಿ.

"ನನಗಂತೂ ಪಾಪ ಅನ್ನಿಸ್ತು," ಎಂದು ವಿರೆಮು ಮತ್ತೊಮ್ಮೆ ಹೇಳಿದ.

"ಹಾಗಾದ್ರೆ ಈಡು ಹೊಡೆದೋರು ಯಾರು?" ಎಂದು ಕ್ಲೈವ್ ಕೇಳಿದ.

ಯಾರೂ ಅಲ್ಲ. ಪಕ್ಕದ ಕಣಿವೆಯವರಿರಬೇಕು ಎಂದಾಯಿತು. ಯಾರೂ ಜಿಂಕೆ ಹೊಡೆಯದ ಮೇಲೆ ಹಳೇ ಭಟ್ಟನೇ ಭಟ್ಟ. ಕ್ಲೈವ್ ಏಪ್ರನ್ ಕಟ್ಟಿಕೊಂಡು ತರಕಾರಿ ಚೀಲಕ್ಕೆ ಕೈ ಹಾಕಿದ. ಈರುಳ್ಳಿ ಇತ್ತು, ಆಲೂಗಡ್ಡೆ ಇತ್ತು, ಒಂದೇ ಒಂದು ಕ್ಯಾರೆಟ್ ಇರಲಿಲ್ಲ. ನಾಲ್ಕು ದಪ್ಪ ಕ್ಯಾರೆಟ್ ತಂದಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಚೀಲ ಕೈಯಲ್ಲಿ ಹಿಡಿದೇ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

"ನನ್ನ ಕಾಲುಚೀಲದಲ್ಲಿದ್ದ ಕ್ಯಾರೆಟ್ ನಾನು ತಿಂದ್ಬಿಟ್ಟೆ," ಎಂದ. "ನಿಮ್ಮದಿದ್ರೆ ಕೊಡಿ, ಸಾರಿಗೆ ಬೇಕು."

ಮೊದಲು ವಿರೆಮು ಜೇಬಿಗೆ ಕೈ ಹಾಕಿ ಒಂದನ್ನು ಮೇಜಿನ ಮೇಲಿಟ್ಟ. ಬ್ಯಾರಿ ಇಟ್ಟದ್ದು ಅರ್ಧ ಕಡಿದದ್ದು. ಎಲ್ಲರೂ ಸೆಲ್ವಿನ್ ಕಡೆ ತಿರುಗಿದರು. ಅವನು ಕೆಮ್ಮಿ, ಕರವಸ್ತ್ರ ಬಿಚ್ಚಿ, ತನ್ನದನ್ನು ಹೊರತೆಗೆದ.

"ನೀನೇ ಇಟ್ಟಿದ್ದು ಅಂದ್ಕೊಂಡೆ," ಎಂದು ಬ್ಯಾರಿ ಸೆಲ್ವಿನ್‌ಗೆ ಹೇಳಿದ.

"ನಾನು ನೀನು ಅಂದ್ಕೊಂಡೆ. ನಿನಗೆ ಆ ಖುಷಿ ಕೊಡಬಾರದು ಅಂತ ಸುಮ್ಮನಿದ್ದೆ."

"ಮತ್ತೆ ಇಟ್ಟೋರು ಯಾರು?"

ಬಾಗಿಲು ತೆರೆಯಿತು. ಮೊಣಕಾಲವರೆಗೆ ಕೆಸರು, ಹೆಗಲ ಮೇಲೆ ಮಾವನವರ ಬಂದೂಕು, ಕೈಯಲ್ಲಿ ಒಂದು ಭಾರದ ಚೀಲ. ಅತ್ತೆ ಚೀಲವನ್ನು ಮೇಜಿನ ಮೇಲಿಟ್ಟರು.

"ಲಿವರ್ ತಂದಿದೀನಿ. ಉಳಿದದ್ದು ಹೊಳೆ ದಂಡೇಲಿದೆ, ಹೋಗಿ ಹೊತ್ಕೊಂಡು ಬನ್ನಿ. ಜೌಗಿನ ಕಡೆಯಿಂದ ಓಡಿ ಬಂದು ಎದುರಿಗೇ ನಿಲ್ತು." ಬಂದೂಕಿನ ಬೋಲ್ಟ್ ಕಳಚಿ ಕಾಲುಚೀಲಕ್ಕೆ ಹಾಕಿ, ಹೆಣಿಗೆಯ ಬುಟ್ಟಿಯ ತಳದಿಂದ ಉಳಿದ ನಾಲ್ಕು ಬೋಲ್ಟ್‌ಗಳನ್ನೂ ತೆಗೆದು ಸಾಲಾಗಿ ಇಟ್ಟರು.

"ಅಮ್ಮ, ಇದು ಮೋಸ," ಎಂದ ಸೆಲ್ವಿನ್.

"ಮೋಸ ಯಾವುದೋ? ನಾಲ್ಕು ಬಂದೂಕು ತಿರುಗೋ ಕಣಿವೇಲಿ ಮುದುಕಿ ಒಬ್ಬಳು ಪೊದೆ ಅಲ್ಲಾಡಿಸಿದ್ರೆ ನೀವು ಜಿಂಕೆ ಅಂತ ಹೊಡೆಯದೆ ಬಿಡ್ತಿದ್ರಾ? ಜೀವದ ಆಸೆ ನನಗೂ ಇದೆ."

ಮೂವರೂ ತಲೆ ತಗ್ಗಿಸಿ ತಂತಮ್ಮ ಬೋಲ್ಟ್ ಎತ್ತಿಕೊಂಡರು. ಕ್ಲೈವ್ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದ. ತಾನು ಹೊಡೆಯದಿದ್ದರೇನು, ಭಾವಂದಿರೂ ಹೊಡೆದಿಲ್ಲವಲ್ಲ. ಲಗುಬಗೆಯಿಂದ ಏಪ್ರನ್ ಬಿಚ್ಚಿದ.

"ಕಾನೂನು ಪ್ರಕಾರ ಹಕ್ಕು ನಿಮ್ಮದು ಅತ್ತೆ. ಹೇಳಿ, ಯಾರಿಗೆ ಕಟ್ಟಲಿ ಇದನ್ನ?"

ಅತ್ತೆ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದರು. "ಬಾಗಿಲ ಹೊರಗೆ ನಿಂತು ಎಲ್ಲಾ ಕೇಳಿಸ್ಕೊಂಡೆ. ಒಬ್ಬನಿಗೆ ಗಾಳಿ ಸರಿ ಇಲ್ಲ, ಒಬ್ಬನಿಗೆ ಕೊಂಬು ಸಣ್ಣದು, ಒಬ್ಬನಿಗೆ ಪಾಪ. ಕ್ಯಾರೆಟ್ ಸಿಕ್ತು ಅಂತ ಬಾಯಿಬಿಟ್ಟು ನಿಜ ಹೇಳಿದ್ದು ಕ್ಲೈವ್ ಒಬ್ಬನೇ."

ಕ್ಲೈವ್ ಎದೆ ಉಬ್ಬಿಸಿದ.

"ಸುಳ್ಳು ಹೇಳೋರ ಕೈಯಡುಗೆ ನನ್ನ ಹೊಟ್ಟೆಗೆ ಒಗ್ಗಲ್ಲ. ಇನ್ಮೇಲೆ ನಾನೂ ಪ್ರತಿ ವರ್ಷ ಬರ್ತೀನಿ. ನಾನು ಬದುಕಿರೋವರೆಗೂ ಈ ಮನೇಲಿ ಕ್ಲೈವನ ಕೈಯೂಟಾನೇ."

ಕ್ಲೈವನ ಎದೆ ಇಳಿಯಿತು. "ಅತ್ತೆ, ನಾನೂ ಸುಳ್ಳು ಹೇಳಿದೀನಿ. ದಾರೀಲಿ ವಿರೆಮು ಹತ್ರ ಪಾಪ ಅನ್ನಿಸ್ತು ಅಂದಿದ್ದು ಮೊದಲು ನಾನೇ."

"ನೋಡಿದ್ರಾ," ಎಂದು ಅತ್ತೆ ಗಂಡುಮಕ್ಕಳ ಕಡೆ ತಿರುಗಿದರು. "ಅದನ್ನೂ ಒಪ್ಕೊಂಡ. ಇಂಥ ಮನುಷ್ಯ ಎಲ್ಲಿ ಸಿಗ್ತಾನೆ?"

ಸೆಲ್ವಿನ್ ಏಪ್ರನ್ ಎತ್ತಿಕೊಂಡು ಬಂದು, ಬಹಳ ಗೌರವದಿಂದ, ತಾನೇ ಕ್ಲೈವನ ಸೊಂಟಕ್ಕೆ ಕಟ್ಟಿ ಹಿಂದೆ ಗಂಟು ಹಾಕಿದ.

ಆಗ ಅತ್ತೆಗೆ ಎಪ್ಪತ್ತೊಂದು. ಅವರ ತವರು ಮನೆತನದ ಹೆಂಗಸರು ಯಾರೂ ಇದುವರೆಗೆ ನೂರು ತುಂಬಿಸದೆ ಹೋದದ್ದಿಲ್ಲ.