ಬಾಗಿಲಲ್ಲೇ ಸಿಕ್ಕ ಅದಿರು

ಮುಚ್ಚಿದ ಗಣಿ ನೋಡಲು ಭೂವಿಜ್ಞಾನಿ ಬರುತ್ತಾರೆಂದು ತಿಳಿದಾಗ ಡ್ರಿಲ್ ಮಾಮ ಒಂದು ಮೋಸ ಮಾಡಬೇಕೆಂದು ತೀರ್ಮಾನಿಸಿದ. ಅರವತ್ತೆಂಟು ವರ್ಷದಲ್ಲಿ ಇದೇ ಮೊದಲ ಮೋಸ, ಕೈ ಪಳಗಿರಲಿಲ್ಲ.

ಅದು ಸಣ್ಣ ಟಂಗ್‌ಸ್ಟನ್ ಗಣಿ. ಮಾಮ ಅಲ್ಲಿ ಕಲ್ಲು ಕೊರೆಯುತ್ತಿದ್ದವನು. ಇಪ್ಪತ್ತೆರಡು ವರ್ಷದ ಹಿಂದೆ ಸುರಂಗದ ಕೊನೆ ಕುಸಿದು ಅವನ ತಮ್ಮ ಒಳಗೇ ಉಳಿದ. ಅದಿರು ತೀರಿತೆಂದು ಕಂಪನಿ ಗಣಿಯನ್ನೇ ಮುಚ್ಚಿತು.

"ಭಾವ, ಒಂದ್ ಎಲುಬಾದ್ರೂ ಸಿಕ್ಕಿದ್ರೆ ಮಣ್ಣು ಮಾಡಿ ಅತ್ತುಬಿಡ್ತಿದ್ದೆ" ಎಂದು ತಮ್ಮನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಕುಸಿತದ ಹತ್ತಿರ ಅದಿರು ಕಂಡರೆ ಆ ಕಲ್ಲುಗಳನ್ನು ತೆಗೆಸಲೇಬೇಕಲ್ಲ! ಮಾಮ ಮಂಚದಡಿಯಿದ್ದ ಹಳೆಯ ಕಪ್ಪು ಅದಿರಿನ ತುಂಡುಗಳನ್ನು ಒರೆಸಿ ಚೀಲಕ್ಕೆ ತುಂಬಿದ. ನೋಡಲು ನಾಲ್ಕು ಹಿಡಿ, ಎತ್ತಿದರೆ ಹೆಣಭಾರ. ತುಂಬು ಬಸುರಿಯಂತೆ ಸೊಂಟ ಹಿಡಿದು ಹೊರಟ.

"ಏನ್ ಮಾಮ ಚೀಲ್ದಲ್ಲಿ?" ಪಕ್ಕದ ಮನೆಯ ಟೈಲರ್ ಅಡ್ಡ ಬಂದ.

"ಆಲೂಗಡ್ಡೆ."

"ಗಣಿಗ್ಯಾಕೆ ಆಲೂಗಡ್ಡೆ? ಕೊಡಿ, ನಾನ್ ಹಿಡ್ಕೋತೀನಿ."

ಟೈಲರ್ ಚೀಲ ಎತ್ತಲಿಲ್ಲ. ಚೀಲವೇ ಟೈಲರನನ್ನು ಕೆಡವಿತು. "ಅಯ್ಯೋ ನನ್ ಸೊಂಟ!" ಎಂಬ ಕೂಗಿಗೆ ಬೀದಿಯೆಲ್ಲ ಓಡಿಬಂತು. ಒಬ್ಬರು ಎಣ್ಣೆ ಹಚ್ಚಿ ಎಂದರು, ಇನ್ನೊಬ್ಬರು ಹಚ್ಚಲೇಬೇಡಿ ಎಂದರು. ಆ ಜಗಳದಲ್ಲಿ ಮಾಮ ಜಾರಿಕೊಂಡ.

ಸುರಂಗದೊಳಗೆ ಇಪ್ಪತ್ತು ಹೆಜ್ಜೆ ಇಟ್ಟಿರಬೇಕು, ಚೀಲದ ತಳ ಕಿತ್ತು ಕಲ್ಲೆಲ್ಲ ಚೆಲ್ಲಿತು. ಬಾಚಿಕೊಳ್ಳುವಷ್ಟರಲ್ಲಿ ಜೀಪು ಬಂತು. ಭೂವಿಜ್ಞಾನಿ ಹೆಣ್ಣುಮಗಳು, ಹಿಂದೆ ಇಡೀ ಬೀದಿ.

ಆಕೆ ಒಂದು ತುಂಡು ಎತ್ತಿಕೊಂಡಳು. "ಯಜಮಾನ್ರೇ, ಇದರ ಮೇಲೆ ಒಂದು ಚೂರೂ ಧೂಳಿಲ್ಲವಲ್ಲ?"

ಮಾಮ ಹರಿದ ಚೀಲವನ್ನು ಬೆನ್ನ ಹಿಂದೆ ಅಡಗಿಸಿದ. ಆಕೆ ನಕ್ಕು, ನೆಲ ನೋಡಲೆಂದು ಅದಿರು ಪತ್ತೆಮಾಡುವ ತನ್ನ ನೇರಳೆ ದೀಪ ಹೊತ್ತಿಸಿದಳು. ಬೆಳಕು ಗೋಡೆಗೂ ಬಿತ್ತು. ಗೋಡೆ ತಿಳಿನೀಲಿಯಾಗಿ ಬೆಳಗಿತು.

"ಇದೂ ಟಂಗ್‌ಸ್ಟನ್ನೇ, ಬಿಳಿ ಅದಿರು!" ಆಕೆ ಕೂಗಿದಳು. "ಕರಿ ಕಲ್ಲಿನ ಹಿಂದೆ ಬಿದ್ದು, ಇದನ್ನ ಬರೀ ಬೆಣಚುಕಲ್ಲು ಅಂತ ಬಿಟ್ಟಿದ್ರಾ? ನೀವು ಇಲ್ಲಿ ಚೆಲ್ಲದೇ ಇದ್ದಿದ್ರೆ ನಾನೂ ನೋಡ್ತಿರಲಿಲ್ಲ!"

"ಹಾಗಾದ್ರೆ ಗಣಿ ತೆರೀತಾರಾ ಮೇಡಂ?"

"ತೆರೀದೆ ಏನು!"

"ಒಳಗಡೆ ಕುಸಿದಿರೋ ಕಲ್ಲು..."

"ಅದನ್ಯಾಕೆ ಮುಟ್ಟಬೇಕು? ಅದಿರು ಬಾಗಿಲಲ್ಲೇ ಸಿಕ್ತಲ್ಲ. ಆ ಕಡೆ ಅಪಾಯ. ಕಾಂಕ್ರೀಟ್ ಹಾಕಿಸಿ ಶಾಶ್ವತವಾಗಿ ಮುಚ್ಚಿಸ್ತೀವಿ."

ಮಾಮ ಇನ್ನೇನೋ ಹೇಳುವಷ್ಟರಲ್ಲಿ ಬೀದಿಯವರು ಅವನನ್ನು ಹೆಗಲ ಮೇಲೆ ಹೊತ್ತರು. ಕೇಕೆ ಹಾಕುತ್ತ ಮನೆಯವರೆಗೂ ತಂದರು.

ತಮ್ಮನ ಹೆಂಡತಿ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಎಷ್ಟೋ ವರ್ಷದ ಮೇಲೆ ಅವಳ ಮುಖ ಅರಳಿತ್ತು.

"ಗಣಿ ತೆರೀತಾರಂತಲ್ಲ ಭಾವ! ಅವರನ್ನ ಯಾವತ್ತು ಹೊರಗೆ ತರ್ತಾರಂತೆ?"

ಹೊತ್ತವರು ಇಳಿಸಲು ಬಗ್ಗಿದರು. ಮಾಮ ಅವರ ಕುತ್ತಿಗೆಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.