ಹೋಟೆಲ್ ಸ್ನೋ ದರ್ಬಾರಿನವರಿಗೆ, ಅರವತ್ತೊಂದು ಖಡಕ್ ರೊಟ್ಟಿಗಳ ವಿಷಯವಾಗಿ

ಮಾನ್ಯ ವ್ಯವಸ್ಥಾಪಕರೇ,

ಸಮುದ್ರಮಟ್ಟದಿಂದ ತಾವು ಎಷ್ಟು ಅಡಿ ಎತ್ತರದಲ್ಲಿದ್ದೀರಿ ಎಂಬುದನ್ನು ಪ್ರತಿಯೊಂದು ಟವೆಲಿನ ಅಂಚಿಗೂ ಹೊಲಿಸಿಟ್ಟಿರುವ ಹಿಮಾಲಯದ ಹೋಟೆಲ್ ಸ್ನೋ ದರ್ಬಾರಿನ ಘನ ಆಡಳಿತಕ್ಕೆ, ಬಿಸಿಲು ಕೇಳದೆಯೇ ಸಿಗುವ ತಿಕೋಟಾದಿಂದ ಮಹಾನಂದಾ ಸಿದ್ದರಾಯ ಹೊನವಾಡ ಮಾಡುವ ಅನಂತ ನಮಸ್ಕಾರಗಳು. ತಾವು, ತಮ್ಮ ಸ್ವಾಗತಕಾರರು, ಗಾಜಿನ ಪೆಟ್ಟಿಗೆಯಲ್ಲಿರುವ ಎರಡು ಮೀನುಗಳು ಹಾಗೂ ತಮ್ಮ ಹಿತ್ತಲಿನ ಆಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಆಕಳಿನ ಕ್ಷೇಮವನ್ನು ವಿಶೇಷವಾಗಿ ಏಕೆ ಕೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ತಮಗೆ ಕನ್ನಡ ಬರುವುದಿಲ್ಲವೆಂದು ನನಗೆ ಗೊತ್ತು. ಆದರೆ ತಾವು ಐದು ದಿನ ನಮ್ಮೊಡನೆ ನಮಗೆ ಹಿಡಿಯಲಾಗದ ವೇಗದ ಹಿಂದಿಯಲ್ಲಿ ಮಾತನಾಡಿದ್ದೀರಿ, ನಾವು ತಲೆ ಅಲ್ಲಾಡಿಸಿದ್ದೇವೆ. ಈಗ ತಾವೂ ಒಂದು ಸಲ ಅಲ್ಲಾಡಿಸಿದರೆ ಲೆಕ್ಕ ಸರಿಹೋಗುತ್ತದೆ. ಹೊರಡುವ ದಿನ ತಾವು ಕೈಗಿತ್ತ ಅಭಿಪ್ರಾಯದ ಚೀಟಿಯಲ್ಲಿ ಐದು ನಕ್ಷತ್ರಗಳೂ ಎರಡು ಗೆರೆಯ ಜಾಗವೂ ಇದ್ದವು. ನಮ್ಮ ಓಣಿಯ ಒಂದು ಬೀದಿದೀಪಕ್ಕಾಗಿ ಹದಿನೇಳು ಅರ್ಜಿ ಬರೆದ ಕೈ ನನ್ನದು. ಎರಡು ಗೆರೆಯಲ್ಲಿ ಈ ಕೈಗೆ ನಮಸ್ಕಾರ ಹೇಳಿ ಮುಗಿಸಲೂ ಆಗುವುದಿಲ್ಲವಾದ್ದರಿಂದ ಈ ಬಹಿರಂಗ ಪತ್ರ.

ನಾವು ಅಷ್ಟು ದೂರ ಏಕೆ ಬಂದೆವೆಂದು ತಾವು ಕೇಳಲಿಲ್ಲ, ಆಧಾರ್ ಕಾರ್ಡಿನ ಎರಡು ಪ್ರತಿ ಮಾತ್ರ ಕೇಳಿದಿರಿ. ಈಗ ಹೇಳುತ್ತೇನೆ. ನನ್ನ ಅತ್ತೆ ಬೋರವ್ವನವರಿಗೆ ಎಪ್ಪತ್ತೆರಡು ವರ್ಷ. ನಮ್ಮದು ದ್ರಾಕ್ಷಿ ತೋಟ. ಹಣ್ಣನ್ನು ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿ, ಒಣಗಿಸಿ, ಮಣೂಕ ಮಾಡಿ, ವಿಜಯಪುರದ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತೇವೆ. ಪ್ರತಿ ಬೇಸಿಗೆಯಲ್ಲಿ ಮಣೂಕದ ಪೆಟ್ಟಿಗೆಗಳ ಜೊತೆ ಅತ್ತೆಯೂ ಟೆಂಪೋ ಹತ್ತುತ್ತಾರೆ. ಅಲ್ಲಿ ಅವರಿಗೆ ಯಾವ ಕೆಲಸವೂ ಇಲ್ಲ. ಹೊರಗೆ ನೆಲ ಸುಡುತ್ತಿರುವಾಗ ಆ ದಪ್ಪ ಬಾಗಿಲು ತೆರೆದು ಬರುವ ತಣ್ಣನೆಯ ಗಾಳಿಗೆ ಮುಖ ಕೊಟ್ಟು ನಿಲ್ಲುವುದು, ಕೊಳವೆಗೆ ಹತ್ತಿದ ಬಿಳಿ ಹಿಮವನ್ನು ಉಗುರಿನಿಂದ ಕೆರೆದು ನೋಡುವುದು, ಅಷ್ಟೇ. ಒಂದು ವರ್ಷ ಅಲ್ಲಿನ ಕಾವಲುಗಾರ ಬಾಬುಸಾಬ ಇದನ್ನು ಕಂಡು, “ಇದೇನ್ ನೋಡ್ತೀ ಬೇ ಯವ್ವಾ, ಅಲ್ಲಿ ಹಿಮಾಲಯದಾಗ ಗುಡ್ಡಕ್ಕ ಗುಡ್ಡನ ಹಿಂಗ ಐತಿ. ಬಾಗಲಾನೂ ಇಲ್ಲ, ಕೀಲೀನೂ ಇಲ್ಲ” ಎಂದುಬಿಟ್ಟರು. ಅಂದಿನಿಂದ ಬಾಗಿಲಿಲ್ಲದ ಆ ಹಿಮವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅತ್ತೆ ಹಟ ಹಿಡಿದರು. ನಾವು ಆರು ವರ್ಷ ಒಂದಿಲ್ಲೊಂದು ನೆಪ ಹೇಳಿ ತಳ್ಳಿದೆವು. ಈ ವರ್ಷ ಅವರು ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದು ನಿಲ್ಲುವುದನ್ನು ಕಂಡು, ಇನ್ನೂ ತಳ್ಳಿದರೆ ಆಗುವುದೇ ಇಲ್ಲವೆಂದು ನನಗೆ ಹೆದರಿಕೆಯಾಯಿತು.

ತಮ್ಮ ಹೋಟೆಲಿನ ಚಿತ್ರದಲ್ಲಿ ಒಬ್ಬ ಹೆಣ್ಣುಮಗಳು ಮಂಚದ ಮೇಲೆ ಮಲಗಿದಲ್ಲಿಂದಲೇ ಹಿಮದ ಗುಡ್ಡ ನೋಡುತ್ತಾ ಚಹಾ ಕುಡಿಯುತ್ತಿದ್ದಳು. ಗುಡ್ಡ ಹತ್ತಲಾಗದ ಅತ್ತೆಗೆ ಇದಕ್ಕಿಂತ ಒಳ್ಳೆಯ ಅನುಕೂಲ ಎಲ್ಲಿದೆ ಎಂದು ಅದೇ ಬಗೆಯ ಕೋಣೆ ಹಿಡಿದೆವು. ಮಣೂಕದ ಕೆಲಸ ಮುಗಿದು, ಜೂನ್ ಕೊನೆಗೆ, ಮೂರು ಗಾಡಿ ಬದಲಿಸಿ ಬಂದು, ಇನ್ನೂರಾ ನಾಲ್ಕನೇ ಕೋಣೆಯ ಪರದೆಯನ್ನು ನನ್ನ ಯಜಮಾನರು ಬಹಳ ಠೀವಿಯಿಂದ ಸರಿಸಿದಾಗ ಕಂಡದ್ದು ಪಕ್ಕದ ಹೋಟೆಲಿನ ಗೋಡೆ. ತಮ್ಮ ಸ್ವಾಗತಕಾರರು ಓಡಿ ಬಂದು, ಪರ್ವತ ಆ ಗೋಡೆಯ ಹಿಂದೆಯೇ ಇದೆ, ಎಲ್ಲಿಗೂ ಹೋಗುವುದಿಲ್ಲ ಎಂದು ಭರವಸೆ ಕೊಟ್ಟರು. ಅತ್ತೆ ಗೋಡೆಯನ್ನು ಬಹಳ ಹೊತ್ತು ನೋಡಿ, “ಇದಕಿಂತ ನಮ್ಮ ಸ್ಟೇಷನ್ ರಸ್ತೆದಾಗಿನ ಗ್ವಾಡಿ ಚಂದ ಅದಾವ. ಅವುಕ್ಕ ಜಾಹೀರಾತರೆ ಬರದಿರ್ತಾರ” ಎಂದರು. ಮುಂದಿನ ವರ್ಷದೊಳಗೆ ತಾವು ಆ ಗೋಡೆಯ ಮೇಲೆ ಬನಿಯನ್ನಿನದೋ ಸಿಮೆಂಟಿನದೋ ಒಂದು ಜಾಹೀರಾತು ಬರೆಸಬೇಕಾಗಿ ಕೋರುತ್ತೇನೆ.

ಹಾಗೆಂದು ತಮ್ಮ ಸೌಕರ್ಯಗಳನ್ನು ಹೊಗಳದಿದ್ದರೆ ನಾಲಿಗೆಗೆ ಒಳ್ಳೆಯದಾಗಲಿಕ್ಕಿಲ್ಲ. ತಮ್ಮ ಮಂಚ ಎಷ್ಟು ಮೆತ್ತಗಿತ್ತೆಂದರೆ ಅತ್ತೆ ಅದರ ಮೇಲೆ ಕುಳಿತವರು ಏಳಲು ಇಬ್ಬರ ಸಹಾಯ ಬೇಕಾಯಿತು, ಆಮೇಲೆ ನಾಲ್ಕೂ ರಾತ್ರಿ ಅವರು ನೆಲದ ಜಮಖಾನದ ಮೇಲೆ ಸುಖವಾಗಿ ನಿದ್ದೆ ಮಾಡಿದರು. ಟವೆಲುಗಳನ್ನು ಮಡಚಿ ಎರಡು ಹಂಸಗಳನ್ನು ಮಾಡಿ, ಒಂದರ ಕೊಕ್ಕಿಗೆ ಇನ್ನೊಂದರ ಕೊಕ್ಕು ತಾಗಿಸಿ ಇಟ್ಟಿದ್ದಿರಿ. ಅವುಗಳನ್ನು ಬಿಚ್ಚಲು ಅತ್ತೆ ಯಾರಿಗೂ ಬಿಡಲಿಲ್ಲ. “ಜೋಡಿ ಅದಾವ, ಅಗಲಸಬ್ಯಾಡ್ರಿ” ಎಂದು ಅಪ್ಪಣೆಯಾದ್ದರಿಂದ ನಾವು ಮೂವರೂ ಐದು ದಿನ ಅವರ ಹಳೆಯ ಸೀರೆಯಲ್ಲಿ ಮೈ ಒರೆಸಿಕೊಂಡೆವು. ತಮ್ಮ ಊಟದ ಬಗ್ಗೆ ಹೇಳುವುದಾದರೆ, ಪನೀರು ಇಲ್ಲದ ಪದಾರ್ಥ ಇದೆಯೇ ಎಂದು ಕೇಳಿದಾಗ ತಾವು ಪನೀರನ್ನು ಕಾಣದಂತೆ ಪುಡಿ ಮಾಡಿ ಹಾಕಿಸಿದ ಸೌಜನ್ಯವನ್ನು ನಾನು ಮರೆಯಲಾರೆ.

ಈಗ ರೊಟ್ಟಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯವರು ದೂರ ಹೊರಟರೆ ಬಟ್ಟೆ ಮರೆತಾರು, ಜೋಳದ ಖಡಕ್ ರೊಟ್ಟಿ ಮರೆಯುವುದಿಲ್ಲ. ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿ ಇಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಅತ್ತೆ ನಸುಕಿನಲ್ಲಿ ಎದ್ದು ತಾವೇ ಬಡಿದ ನೂರು ರೊಟ್ಟಿ, ಅವಕ್ಕೆ ಹಚ್ಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ ನಮ್ಮ ಜೊತೆ ಬಂದಿದ್ದವು. ಅವರ ಹೊಟ್ಟೆ ಬೇರೆ ಯಾವುದನ್ನೂ ಊಟವೆಂದು ಒಪ್ಪುವುದಿಲ್ಲ. ಉಳಿದದ್ದೆಲ್ಲ ಅವರ ಲೆಕ್ಕದಲ್ಲಿ ಫಳಾರ. ಆದರೆ ತಮ್ಮ ಊರಿನ ಮಂಜು, ಮಳೆ, ತೇವ ಸೇರಿ ಮೂರನೇ ದಿನಕ್ಕೆ ಉಳಿದ ಅರವತ್ತೊಂದು ರೊಟ್ಟಿಗಳನ್ನು ಚಪಾತಿಯ ಹಾಗೆ ಮೆತ್ತಗೆ ಮಾಡಿದವು. ಖಡಕ್ ರೊಟ್ಟಿ ಮಡಚಲು ಬಂದರೆ ನಮ್ಮಲ್ಲಿ ಅದನ್ನು ಅಪಶಕುನವೆಂದೇ ತಿಳಿಯಬೇಕು.

ಇಪ್ಪತ್ತು ವರ್ಷ ದ್ರಾಕ್ಷಿ ಒಣಗಿಸಿದ ನನ್ನ ಯಜಮಾನರು ಸಿದ್ದರಾಯ ಇಂಥ ಹೊತ್ತಿನಲ್ಲಿ ಕೈಕಟ್ಟಿ ಕೂರುವವರಲ್ಲ. ಅವರು ಕೋಣೆಯ ಬೀರುವಿನ ಹಿಡಿಕೆಯಿಂದ ಪರದೆಯ ಕೋಲಿಗೆ ಅತ್ತೆಯ ಸೀರೆಗಳನ್ನು ಒಂದರ ಕೆಳಗೊಂದು ಬಿಗಿದು ಕಟ್ಟಿ, ನಾಲ್ಕು ಅಂತಸ್ತಿನ ಮಣೂಕದ ಶೆಡ್ಡನ್ನೇ ಇನ್ನೂರಾ ನಾಲ್ಕನೇ ಕೋಣೆಯಲ್ಲಿ ನಿಲ್ಲಿಸಿ, ಅದರ ಮೇಲೆ ಅರವತ್ತೊಂದು ರೊಟ್ಟಿ ಹರವಿ, ದೂರದಲ್ಲಿ ತಮ್ಮ ಬಿಸಿಗಾಳಿಯ ಹೀಟರು ಹಚ್ಚಿಟ್ಟರು. ನಾವು ಹೊರಗೆ ಹೋಗುವಾಗ ಬಾಗಿಲಿನ ಕಾರ್ಡು ತೆಗೆದರೆ ಕರೆಂಟು ಹೋಗುತ್ತದೆಂದು, ಅದರ ಜಾಗದಲ್ಲಿ ದ್ರಾಕ್ಷಿ ಬೆಳೆಗಾರರ ಸಂಘದ ತಮ್ಮ ಗುರುತಿನ ಚೀಟಿ ತುರುಕಿದರು. ಗೋಡೆಯ ಆ ಪುಟ್ಟ ಯಂತ್ರ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಲಿಲ್ಲ, ಜೆರಾಕ್ಸ್ ಕೇಳಲಿಲ್ಲ, ಸೋಮವಾರ ಬಾ ಎನ್ನಲಿಲ್ಲ; ಒಂದೇ ಕ್ಷಣದಲ್ಲಿ ದೀಪ ಹಚ್ಚಿತು. ಆ ಚೀಟಿಗೆ ಇಂಥ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಸಾಧ್ಯವಾದರೆ ಆ ಯಂತ್ರವನ್ನು ಎರಡು ವರ್ಷದ ಮಟ್ಟಿಗೆ ನಮ್ಮ ಕಡೆಯ ಕಚೇರಿಗಳಿಗೆ ಎರವಲು ಸೇವೆಯ ಮೇಲೆ ಕಳಿಸಿಕೊಡಿ.

ನಾಲ್ಕನೇ ದಿನ ಬೆಳಿಗ್ಗೆ ರೊಟ್ಟಿಗಳು ಮತ್ತೆ ಖಡಕ್ಕಾಗಿ ಖಣಖಣ ಎನ್ನುತ್ತಿದ್ದವು. ಸಂತೋಷದಿಂದ ಅವುಗಳನ್ನು ಆರಲು ಅಲ್ಲೇ ಬಿಟ್ಟು, ಹೀಟರು ಆರಿಸಿ, ಅತ್ತೆಯನ್ನು ಬಾಡಿಗೆ ಗಾಡಿಯಲ್ಲಿ ಕೂರಿಸಿಕೊಂಡು ಹಿಮ ಕಾಣುವ ಜಾಗಕ್ಕೆ ಹೋದೆವು. ಅಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿಗೆ ನಿಂತ ಯಜಮಾನರೇ ನನಗೆ ಕಾಣಲಿಲ್ಲ. ಮೂರು ತಾಸು ಕಾದೆವು. ಅತ್ತೆ ಮಂಜನ್ನೇ ನೋಡುತ್ತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ತಿರುಗಿ ಬಂದಾಗ ಕೋಣೆ ಅದ್ಭುತವಾಗಿ ಸ್ವಚ್ಛವಾಗಿತ್ತು. ಸೀರೆಗಳು ಇಸ್ತ್ರಿ ಮಾಡಿದಂತೆ ಮಡಿಕೆಯಾಗಿದ್ದವು, ಹಂಸಗಳು ಹಾಗೇ ಇದ್ದವು, ರೊಟ್ಟಿ ಒಂದೂ ಇರಲಿಲ್ಲ. ಕೋಣೆ ಗುಡಿಸುವ ಲಲಿತಾ ಅವುಗಳನ್ನು ಒಣಗಿ ಹಾಳಾದ ರೊಟ್ಟಿಗಳೆಂದು ಬಗೆದು ತೆಗೆದುಹಾಕಿದ್ದಾರೆ ಎಂದು ತಾವೇ ವಿಚಾರಿಸಿ ತಿಳಿಸಿದಿರಿ, ಮತ್ತು ಪರಿಹಾರವಾಗಿ ಒಂದು ತಟ್ಟೆ ಪನೀರು ಕಳಿಸಿದಿರಿ. ಅತ್ತೆ ಊಟ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಜಮಖಾನದ ಮೇಲೆ ಮಲಗಿ, “ಹಿಮಾನೂ ಬ್ಯಾಡ, ಗುಡ್ಡಾನೂ ಬ್ಯಾಡ. ಮುಂಜಾನೆ ಊರಿಗಿ ನಡೀರಿ” ಎಂದರು. ಆರು ವರ್ಷ ಹಟ ಹಿಡಿದವರು ಹಾಗೆ ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟದ್ದರಿಂದ ನನಗೆ ಬಹಳ ಸಂಕಟವಾಯಿತು. ರೊಟ್ಟಿ ಹೋದದ್ದಕ್ಕಿಂತ ಅದು ಹೆಚ್ಚಿನದು.

ಐದನೇ ದಿನ ಬೆಳಿಗ್ಗೆ ಗಂಟು ಕಟ್ಟಿಯಾಗಿತ್ತು. ಯಜಮಾನರು ಕೆಳಗೆ ತಮ್ಮ ಮುಂದೆ ನಿಂತು, ಅವರಿಗೆ ಬರುವ ವಿಜಯಪುರದ ಹಿಂದಿಯಲ್ಲಿ ರೊಟ್ಟಿಯ ನ್ಯಾಯ ಕೇಳುತ್ತಿದ್ದರು. ಅತ್ತೆ ಮುಖ ತೊಳೆಯಲು ಬಚ್ಚಲಿಗೆ ಹೋದವರು ಒಮ್ಮೆಲೇ ನಳ ನಿಲ್ಲಿಸಿ ಕಿವಿಗೊಟ್ಟು ನಿಂತರು. “ಮಹಾನಂದಾ, ಬಾ ಇಲ್ಲಿ. ಯಾರೋ ನನ್ನ ರೊಟ್ಟಿ ತಿನ್ನಾಕತ್ತಾರ.” ನಾನೂ ಕೇಳಿದೆ. ಗೋಡೆಯ ಆಚೆಯಿಂದ ಕರುಂ ಕುರುಂ ಎಂಬ ಸದ್ದು. ಆ ಸದ್ದನ್ನು ಐವತ್ತು ವರ್ಷ ಮನೆಮಂದಿಯ ಬಾಯಲ್ಲಿ ಕೇಳಿದವರಿಗೆ ಅದು ಹಪ್ಪಳದ್ದೋ ಬಿಸ್ಕತ್ತಿನದೋ ಎಂಬ ಅನುಮಾನವೇ ಬರುವುದಿಲ್ಲ.

ಬಚ್ಚಲಿನ ಮೇಲ್ಭಾಗದಲ್ಲಿ, ತಾವು ಬಿಳಿ ಕಾಗದ ಅಂಟಿಸಿದ ಗಾಜಿನ ಪುಟ್ಟ ಕಿಟಕಿ ಇದೆ. ಮೊಣಕಾಲು ನೋವಿನ ಆ ಹೆಣ್ಣುಮಗಳು ತಮ್ಮ ನೀಲಿ ಬಕೆಟ್ಟನ್ನು ಬೋರಲು ಹಾಕಿ, ನನ್ನ ತಲೆಯ ಮೇಲೆ ಕೈಯೂರಿ ಅದರ ಮೇಲೆ ಹತ್ತಿ, ಕಿಟಕಿಯನ್ನು ಜಗ್ಗಿ ತೆರೆದರು. ಬಕೆಟ್ಟು ಅಲುಗಾಡುತ್ತಿತ್ತು. ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಅವರ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ. ಮೇಲಿನಿಂದ ಅವರು ವರದಿ ಹೇಳತೊಡಗಿದರು: ಇಳಿಜಾರಿನಿಂದಾಗಿ ನಮ್ಮ ಕೋಣೆಯ ಮಟ್ಟಕ್ಕೇ ಇರುವ ಹಿತ್ತಲಲ್ಲಿ ಒಂದು ಕೆಂದಾಕಳು ಇದೆ, ಲಲಿತಾ ಹಿತ್ತಲಿಗೆ ತೆರೆದ ಅಡುಗೆಮನೆಯ ಒಲೆಯ ಪಕ್ಕ ಇಟ್ಟಿದ್ದ ತಗಡಿನ ಡಬ್ಬಿಯಿಂದ ರೊಟ್ಟಿ ತೆಗೆದು ಒಂದೊಂದೇ ಕೊಡುತ್ತಿದ್ದಾಳೆ, ಕೊಡುವ ಮುಂಚೆ ಪ್ರತಿ ರೊಟ್ಟಿಯನ್ನೂ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದಾಳೆ. “ಕಸದಾಗ ಒಗದಿಲ್ಲ ಬೇ ಆಕಿ. ಆಕಳ ಬಾಯಾಗ ಇಟ್ಟಾಳ. ತಿನ್ನವ್ವಾ, ತಿನ್ನು” ಎಂದರು. ಆಮೇಲೆ ಕತ್ತು ಮೇಲೆತ್ತಿದರು. ಏನಾಯಿತೆಂದು ನಾನು ಎರಡು ಸಲ ಕೇಳಿದೆ. ಅವರು ಮೆಲ್ಲಗೆ, “ಬಾಬುಸಾಬ ಖರೇನ ಹೇಳ್ಯಾನ. ಬಾಗಲಾನೂ ಇಲ್ಲ, ಕೀಲೀನೂ ಇಲ್ಲ” ಎಂದರು.

ಮಾನ್ಯರೇ, ಐದು ದಿನ ತಾವು ಗೋಡೆಯ ಹಿಂದಿದೆ ಎಂದು ಹೇಳಿದ ಪರ್ವತ ತಮ್ಮ ಬಚ್ಚಲಿನ ಹಿಂದೆ ಇತ್ತು. ಮಂಜು ಸರಿದು ಇಡೀ ಗುಡ್ಡ ಬೆಳ್ಳಗೆ ನಿಂತಿತ್ತಂತೆ. ಮೊಣಕಾಲಿನ ನೋವು ಮರೆತು ಅತ್ತೆ ಹಿಮ್ಮಡಿ ಎತ್ತಿ ನಿಂತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಲಲಿತಾ ರೊಟ್ಟಿ ಒಯ್ಯದಿದ್ದರೆ ನಾವು ಆ ಕಿಟಕಿಯನ್ನು ತೆರೆಯುತ್ತಲೇ ಇರಲಿಲ್ಲ. ಹೀಗೆ ತಾವು ನನಗೆ ಪೂರ್ತಿ ಮನಸ್ಸಿನಿಂದ ಸಿಟ್ಟು ಮಾಡಿಕೊಳ್ಳುವ ಅವಕಾಶವನ್ನೂ ಕೊಡಲಿಲ್ಲ, ಮತ್ತು ಈ ಪತ್ರದ ಮುಖ್ಯ ದೂರು ಅದೇ ಆಗಿದೆ.

ಆದ್ದರಿಂದ ಲಲಿತಾ ಅವರಿಗೆ ಒಂದು ಮಾತೂ ಅನ್ನಬಾರದೆಂದು ಬೋರವ್ವನವರ ಅಪ್ಪಣೆ. ತಮ್ಮ ಚಿತ್ರದಲ್ಲಿ ಚಹಾ ಕುಡಿಯುವ ಹೆಣ್ಣುಮಗಳನ್ನು ಮಂಚದಿಂದ ಇಳಿಸಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಲ್ಲಿಸಿ ಹೊಸ ಚಿತ್ರ ತೆಗೆಸಬೇಕು. ರೊಟ್ಟಿಗಳನ್ನು ಹಿಂದಿರುಗಿಸಬೇಕೆಂದು ಮೊದಲು ಬರೆದಿದ್ದೆ. ಆಕಳ ಅಭಿಪ್ರಾಯ ಕೇಳದೆ ಹಾಗೆ ಒತ್ತಾಯಿಸುವುದು ಸರಿಯಲ್ಲವೆಂದು ಹೊಡೆದು ಹಾಕಿದ್ದೇನೆ.

ಐದು ನಕ್ಷತ್ರಗಳಲ್ಲಿ ಎಷ್ಟನ್ನು ತಮಗೆ, ಎಷ್ಟನ್ನು ಆಕಳಿಗೆ ಕೊಡಬೇಕೆಂದು ಇನ್ನೂ ತೀರ್ಮಾನಿಸದ,

ತಮ್ಮ ವಿಶ್ವಾಸಿ,
ಮಹಾನಂದಾ ಸಿದ್ದರಾಯ ಹೊನವಾಡ
ತಿಕೋಟಾ, ವಿಜಯಪುರ ಜಿಲ್ಲೆ

ತಾಜಾ ಕಲಂ: ಅತ್ತೆಯನ್ನು ಇಳಿಸಿ, ನಾನು ಬಕೆಟ್ಟು ಹತ್ತಿ ನೋಡುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತ್ತು. ನನಗೆ ಆಕಳು ಮಾತ್ರ ಕಂಡಿತು. ಊರಲ್ಲಿ ಅತ್ತೆ ದಿನಕ್ಕೊಬ್ಬರನ್ನು ಕೂರಿಸಿಕೊಂಡು ಹಿಮದ ವರ್ಣನೆ ಮಾಡುತ್ತಾರೆ, ಕೇಳಿದವರು ನನ್ನ ಕಡೆ ತಿರುಗಿ ಹೌದೇನ್ರಿ ಎನ್ನುತ್ತಾರೆ, ನಾನು ಹೌದು ಎಂದು ತಲೆ ಅಲ್ಲಾಡಿಸುತ್ತೇನೆ. ಹೀಗಾಗಿ ಮುಂದಿನ ಜೂನಿಗೆ ನಾವು ಮತ್ತೆ ಬರುತ್ತಿದ್ದೇವೆ. ಇನ್ನೂರಾ ನಾಲ್ಕನೇ ಕೋಣೆಯೇ ಇರಲಿ. ಬಚ್ಚಲಲ್ಲಿ ಎರಡು ಬಕೆಟ್ ಇಡಿಸಿ, ಒಂದು ಅತ್ತೆಗೆ, ಒಂದು ನನಗೆ. ಅವುಗಳನ್ನು ಅಲುಗದಂತೆ ಹಿಡಿದುಕೊಂಡು ನೆಲದ ಮೇಲೆ ಕುಳಿತುಕೊಳ್ಳಲು ದಯವಿಟ್ಟು ತಾವೇ ಬರಬೇಕು.