ಎರವಲು ಕೊಟ್ಟ ನಾಲಿಗೆ

ಹೋಟೆಲಿಗೆ ಹಸಿವಾದಾಗ ಹೋಗುವವರಿದ್ದಾರೆ, ಮನೆಯಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಲು ಹೋಗುವವರಿದ್ದಾರೆ. ನಾನು ತಪ್ಪು ಹುಡುಕಲು ಹೋಗುವವನು. ಇದನ್ನು ನಾಚಿಕೆಯಿಂದೇನೂ ಹೇಳುತ್ತಿಲ್ಲ. ಹೊಗಳುವವನು ಪೇಪರು ಓದುತ್ತಲೋ ಮೊಬೈಲು ನೋಡುತ್ತಲೋ ತಿಂದು ಎದ್ದುಬಿಡಬಹುದು. ತಪ್ಪು ಹುಡುಕುವವನು ಮೈಯೆಲ್ಲಾ ನಾಲಿಗೆಯಾಗಿ ತಿನ್ನಬೇಕಾಗುತ್ತದೆ. ಚಾಮರಾಜಪೇಟೆಯಲ್ಲಿ ನಮ್ಮ ಅಡ್ಡರಸ್ತೆಯ ತುದಿಗೆ ಒಂದು ಹಳೆಯ ಹೋಟೆಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಒಡತಿ ಜಯಮ್ಮ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಜಯಮ್ಮ ಮಾಗಡಿ ಕಡೆಯವರು, ಕಣ್ಣಲ್ಲಿ ನೀರು ಬಂದರಷ್ಟೇ ಅದನ್ನು ಸಾರು ಎಂದು ಒಪ್ಪುವ ಮನೆತನ. ಅಡುಗೆಯ ಐತಾಳರು ಕುಂದಾಪುರದ ಕಡೆಯವರು, ಬೆಲ್ಲ ಬೀಳದಿದ್ದರೆ ಅದನ್ನು ಸಾಂಬಾರು ಎಂದು ಕರೆಯಲಾರರು. ದಿನಾ ಬೆಳಿಗ್ಗೆ ಕಾಲೇಜಿಗೆ ಪಾಠಕ್ಕೆ ಹೊರಡುವ ಮುಂಚೆ ನಾನು ಅಲ್ಲಿ ಕೂತು ಇಡ್ಲಿ ತರಿಸಿಕೊಂಡು, ಸಾಂಬಾರಿನ ಬಟ್ಟಲನ್ನು ಮುಂದೆ ತಳ್ಳಿ, "ಬೆಲ್ಲ ಸ್ವಲ್ಪ ಜಾಸ್ತಿ ಐತಾಳ್ರೇ" ಎನ್ನುತ್ತಿದ್ದೆ. ಅವರು ಮರುಮಾತಿಲ್ಲದೆ ಬಟ್ಟಲನ್ನು ಒಳಗೆ ಒಯ್ದು ಸರಿಮಾಡಿ ತರುತ್ತಿದ್ದರು. ನಾನು ಒಂದು ಚಮಚ ಬಾಯಿಗಿಟ್ಟು "ಈಗ ಸರಿಯಾಯ್ತು" ಎಂದ ಮೇಲೆಯೇ ನಮ್ಮಿಬ್ಬರಿಗೂ ದಿನ ಶುರುವಾಗುತ್ತಿದ್ದುದು. ಒಮ್ಮೆ ಬಿದ್ದ ಬೆಲ್ಲವನ್ನು ಮತ್ತೆ ಹೇಗೆ ತೆಗೆಯುತ್ತಾರೆ ಎಂದು ನಾನು ಯಾವತ್ತೂ ಕೇಳಿದವನಲ್ಲ.

ಅಷ್ಟರಲ್ಲಿ ಕೊರೋನಾ ಬಂತು. ಹೋಟೆಲಿನ ಮೇಜು ಕುರ್ಚಿಗಳು ಒಂದರ ಮೇಲೊಂದು ಹತ್ತಿ ಗೋಡೆಗೊರಗಿದವು. ಜಯಮ್ಮ ಬಾಗಿಲಿಗೆ ಅಡ್ಡಲಾಗಿ ಒಂದು ತೆಂಗಿನ ಹಗ್ಗ ಕಟ್ಟಿ, ಅದರ ಹಿಂದೆ ಸ್ಟೂಲು ಹಾಕಿಕೊಂಡು ಕೂತರು. ಕಾಯಿಲೆ ಬಂದು ಬಾಗಿಲು ಹಾಕಿಕೊಂಡ ಮನೆಗಳಿಗೆ ಅಲ್ಲಿಂದ ಊಟದ ಪೊಟ್ಟಣ ಹೋಗತೊಡಗಿತು. ಬಳೇಪೇಟೆಯ ಅಂಗಡಿಗಳು ಮುಚ್ಚಿ ಕೈಗಾಡಿ ತಳ್ಳುವವರು ಗಾಡಿಯ ಮೇಲೆಯೇ ಮಲಗಿ ದಿನ ದೂಡುತ್ತಿದ್ದಾರೆ ಎಂದು ಯಾರೋ ಹೇಳಿದ ಮಾರನೆಯ ದಿನದಿಂದ ಅವರಿಗೂ ಹೋಯಿತು. ಇಷ್ಟಕ್ಕೆಲ್ಲ ಹೋಟೆಲಿನಲ್ಲಿ ಉಳಿದಿದ್ದ ಕೈಗಳು ಸಾಲದೆ, ಜಯಮ್ಮ ಖಾಯಂ ಗಿರಾಕಿಗಳ ಮನೆಗೆಲ್ಲ ತರಕಾರಿ ಚೀಲ ಕಳಿಸಿದರು. ಹೆಚ್ಚಿಟ್ಟರೆ ಸಂಜೆ ಹೋಟೆಲಿನವರೇ ಬಂದು ಒಯ್ಯುವುದು ಎಂದು ಏರ್ಪಾಡು. ನನಗೆ ಹುರುಳಿಕಾಯಿ ಬಂತು. ಕಾಮರ್ಸ್ ಮೇಷ್ಟ್ರಾದ ನಾನು ಶ್ರದ್ಧೆಯಿಂದಲೇ ಹೆಚ್ಚಿದೆ, ಆದರೆ ಕೆಲವು ಚೂರು ಬೆರಳುದ್ದ, ಕೆಲವು ಸಾಸಿವೆಗಿಂತ ಸ್ವಲ್ಪ ದೊಡ್ಡವು. ಮರುದಿನ ತರಕಾರಿ ಚೀಲ ನಮ್ಮ ಮನೆ ದಾಟಿ ಎದುರು ಮನೆಗೆ ಹೋಯಿತು. ಮೇಷ್ಟ್ರಿಗೆ ಬಿಡುವು ಕೊಡಿ ಎಂದು ಜಯಮ್ಮ ನನ್ನ ಹೆಂಡತಿ ಸುಮಾಗೆ ಫೋನಿನಲ್ಲಿ ಹೇಳಿದರಂತೆ. ಇಡೀ ಬೀದಿ ಚಾಕು ಹಿಡಿದು ನಿಂತಿರುವಾಗ ನಾನೊಬ್ಬನೇ ದಂಡಪಿಂಡವಾದೆನಲ್ಲ ಎಂದು ಮನಸ್ಸಿಗೆ ಬಹಳ ಚುಚ್ಚಿತು.

ಪೊಟ್ಟಣಗಳು ಹೆಚ್ಚಿದಂತೆ ಹೋಟೆಲಿನ ಪಾತ್ರೆಗಳು ಸಾಲದಾದವು. ಮಲ್ಲೇಶ್ವರದಾಚೆ ಬಿಯರು ತಯಾರಿಸಿ ಮಾರುವ ಒಂದು ಜಾಗವಿತ್ತು; ಅದೂ ಬಾಗಿಲು ಹಾಕಿತ್ತು. ಅಲ್ಲಿನ ಹುಡುಗರು ನಮ್ಮ ಹೋಟೆಲಿನ ವಿಷಯ ಕೇಳಿ, ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಭಾರಿ ಸ್ಟೀಲಿನ ಹಂಡೆಯನ್ನು ತಮ್ಮ ವ್ಯಾನಿನಲ್ಲೇ ತಂದಿಳಿಸಿ, ವ್ಯಾನನ್ನೂ ಪೊಟ್ಟಣ ಹಂಚಲು ಬಿಟ್ಟುಕೊಟ್ಟರು. ಹಂಡೆಯ ಪೂರ್ವಾಶ್ರಮ ತಿಳಿದ ಐತಾಳರು ಅದರ ಹತ್ತಿರ ಹೋಗಲೊಲ್ಲರು. ಸ್ನಾನ ಸಂಧ್ಯಾವಂದನೆ ಮುಗಿಸಿಯೇ ಒಲೆ ಹಚ್ಚುವ ಮನುಷ್ಯ. ಜಯಮ್ಮ ಸ್ಟೂಲಿನಿಂದ ಏಳದೆಯೇ, "ಕುಡಿಯೋರು ಜನ ಐತಾಳ್ರೇ, ಪಾತ್ರೆ ಪಾಪ ಏನ್ ಮಾಡ್ತು" ಎಂದರು. ಐತಾಳರು ಹುಣಸೆಹಣ್ಣು ಹಚ್ಚಿ ಹಂಡೆಯನ್ನು ಅದು ಹೊಳೆಯುವವರೆಗೆ ತಿಕ್ಕಿ, ದೇವರ ಫೋಟೋ ಕಡೆಗೊಮ್ಮೆ ನೋಡಿ ಬೇಳೆ ಹಾಕಿದರು. ಬಿಯರಿನ ಹಂಡೆಯಲ್ಲಿ ಬೆಂದ ಬೇಳೆ ಬೇರೆ ಬೇಳೆಯಷ್ಟೇ ಮೆತ್ತಗಾಗಿತ್ತು ಎಂದು ಆಮೇಲೆ ತಾವೇ ಒಪ್ಪಿಕೊಂಡರು.

ಆಮೇಲೆ ಐತಾಳರಿಗೇ ಕಾಯಿಲೆ ಬಂತು. ಅವರು ಹೋಟೆಲಿನ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದಷ್ಟು ದಿನ ಜಯಮ್ಮನೇ ಅನ್ನ ಸಾರು ಬೇಯಿಸಿ ಹೇಗೋ ನಿಭಾಯಿಸಿದರು. ಐತಾಳರು ಗುಣವಾಗಿ, ಪರೀಕ್ಷೆಯಲ್ಲೂ ಏನೂ ಇಲ್ಲವೆಂದಾಗಿ ಕೆಳಗಿಳಿದು ಬಂದು, ಎಣ್ಣೆ ಕಾಯಿಸಿ ಇಂಗು ಹಾಕಿದರಂತೆ. ಹಾಕಿ ಬಾಣಲೆಯ ಮೇಲೆ ಬಗ್ಗಿ ಮೂಸಿ, "ನಾನು ಇಂಗು ಹಾಕಿದೆನಾ ಅಮ್ಮಾ?" ಎಂದು ಕೇಳಿದರಂತೆ. ಆಗ ಬೀದಿಗೆಲ್ಲ ಇಂಗಿನ ವಾಸನೆ ಹಬ್ಬಿತ್ತು. ವಾಸನೆಯಷ್ಟೇ ಅಲ್ಲ, ಉಪ್ಪು ಹುಳಿ ಸಿಹಿ ಒಂದೂ ಅವರಿಗೆ ತಿಳಿಯುತ್ತಿರಲಿಲ್ಲ. ದಿನ ಕಳೆದರೂ ಅದು ಮರಳಲಿಲ್ಲ. ಅಡುಗೆಯವನಿಗೆ ನಾಲಿಗೆ ಹೋದರೆ ಉಳಿಯುವುದೇನು? ಐತಾಳರು ಬಟ್ಟೆ ಗಂಟು ಕಟ್ಟಿ, ಊರಿಗೆ ಹೋಗಿಬಿಡುತ್ತೇನೆ, ನಾಲಿಗೆ ಇಲ್ಲದವನ ಕೈಯಡುಗೆಯನ್ನು ಜನರ ಬಾಯಿಗೆ ಹಾಕಲಾರೆ ಎಂದರು. ಅವರು ಹೋದರೆ ಒಲೆ ಆರುತ್ತದೆ, ಒಲೆ ಆರಿದರೆ ಅಷ್ಟೂ ಮನೆಗಳ ಮಧ್ಯಾಹ್ನದ ಊಟ ನಿಲ್ಲುತ್ತದೆ. ಜಯಮ್ಮ ಗಂಟನ್ನು ಕಿತ್ತುಕೊಂಡು ತಮ್ಮ ಸ್ಟೂಲಿನ ಕೆಳಗಿಟ್ಟರು. "ನಾಲಿಗೆ ಬೇರೆ ಕಡೆಯಿಂದ ತರಿಸ್ತೀನಿ. ಕೈ ಮಾತ್ರ ನಿಮ್ದೇ ಇರ್ಲಿ," ಎಂದರಂತೆ.

ಬೇರೆ ಕಡೆ ಎಂದರೆ ನಮ್ಮ ಮನೆ. ಜಯಮ್ಮ ಮಾಸ್ಕು ಹಾಕಿಕೊಂಡು ಗೇಟಿನಾಚೆ ನಿಂತು, ನಮ್ಮ ಸಾಂಬಾರನ್ನು ಅಷ್ಟು ಗಮನ ಕೊಟ್ಟು ತಿಂದವರು ಈ ಪೇಟೆಯಲ್ಲೇ ನೀವೊಬ್ಬರು, ಮಿಕ್ಕವರೆಲ್ಲ ಚೆನ್ನಾಗಿದೆ ಎಂದು ಹೇಳಿ ಹೋಗುವವರು ಎಂದರು. ನಾನು ಬದುಕಿನಲ್ಲಿ ಪಡೆದ ಪ್ರಶಸ್ತಿಗಳಲ್ಲಿ ಇದೇ ದೊಡ್ಡದು. ಅಂದಿನಿಂದ ಪ್ರತಿ ಬೆಳಿಗ್ಗೆ ಗೇಟಿನ ಕಂಬದ ಮೇಲೆ ಮುಚ್ಚಿದ ಸಣ್ಣ ಬಟ್ಟಲಿನಲ್ಲಿ ಬಿಸಿ ಸಾಂಬಾರು ಬರುತ್ತಿತ್ತು. ನಾನು ನನ್ನ ಲೋಟಕ್ಕೆ ಸುರಿದುಕೊಂಡು, ಕಣ್ಣುಮುಚ್ಚಿ ಕುಡಿದು ಫೋನಿನಲ್ಲಿ ತೀರ್ಪು ಕೊಡುತ್ತಿದ್ದೆ. ಅದಾದ ಮೇಲೆಯೇ ಪೊಟ್ಟಣ ಕಟ್ಟುವುದು. ಅದೇ ಹೊತ್ತಿಗೆ ನನ್ನ ಆನ್‌ಲೈನ್ ಪಾಠವೂ ಇರುತ್ತಿತ್ತು. ಒಂದು ದಿನ ಮೈಕು ಬಂದ್ ಮಾಡುವುದು ಮರೆತು, ತರಗತಿಗೆಲ್ಲ ಕೇಳುವಂತೆ ಸೊರ್ ಎಂದು ಸಾಂಬಾರು ಹೀರಿದೆ. ಅದುವರೆಗೆ ಬದುಕಿದ್ದಾರೋ ಇಲ್ಲವೋ ಎಂದೇ ತಿಳಿಯದಿದ್ದ ವಿದ್ಯಾರ್ಥಿಗಳೆಲ್ಲ ಒಮ್ಮೆಲೇ ಜೀವ ಬಂದವರಂತೆ, ಹೇಗಿದೆ ಸಾರ್ ಎಂದು ವಿಚಾರಿಸಿದರು.

ಇಲ್ಲಿ ನನ್ನ ಮನೆಯ ಒಂದು ರಾಜಕೀಯ ಹೇಳಬೇಕು. ನನ್ನ ರಕ್ತದಲ್ಲಿ ಸಕ್ಕರೆ ಏರುತ್ತಿದೆ ಎಂದು ಡಾಕ್ಟರು ಹೇಳಿದ ದಿನವೇ ಸುಮಾ ಬೆಲ್ಲದ ಡಬ್ಬವನ್ನು ಅಟ್ಟಕ್ಕೇರಿಸಿದ್ದಳು. ಕಾಫಿ ಕಹಿ, ಹಬ್ಬವೂ ಕಹಿ. ಹೀಗೆ ಬರಗೆಟ್ಟಿದ್ದ ನಾಲಿಗೆಯ ಮೇಲೆ ಬೆಳ್ಳಂಬೆಳಿಗ್ಗೆ ಐತಾಳರ ಸಾಂಬಾರು ಬಿದ್ದರೆ ಏನಾಗಬೇಕು? ಮೊದಲ ದಿನ ಎಲ್ಲ ಸರಿಯಾಗಿದೆ ಎಂದೆ. ಎರಡನೆಯ ದಿನ, ಬೆಲ್ಲ ಒಂದು ಚೂರು ಹಾಕಬಹುದೇನೋ ಎಂದೆ. ಅದರ ಮಾರನೆಯ ದಿನ ಇನ್ನೊಂದು ಚೂರು. ದೇವರಾಣೆ, ಆಸೆಯಿಂದ ಹೇಳುತ್ತಿದ್ದೇನೆಂದು ನನಗೆ ಅನ್ನಿಸಿರಲಿಲ್ಲ. ಶುದ್ಧ ನ್ಯಾಯವನ್ನೇ ಹೇಳುತ್ತಿದ್ದೇನೆಂದುಕೊಂಡಿದ್ದೆ. ಐತಾಳರು ನಾನು ಹೇಳಿದ್ದಷ್ಟನ್ನೂ ಹಾಕಿದರು. ತಿನ್ನುವ ಕಡೆಯಿಂದ ಒಂದು ದೂರೂ ಬರಲಿಲ್ಲವಾದ್ದರಿಂದ ನನ್ನ ಧೈರ್ಯ ದಿನೇ ದಿನೇ ಹೆಚ್ಚಿತು.

ಒಂದು ದಿನ ಬಟ್ಟಲನ್ನು ಐತಾಳರೇ ತಂದಿಟ್ಟರು. ಸೊರಗಿದ್ದರು. ಅವತ್ತು ಕರಿಬೇವು ಬಾಡಿದ್ದೆಂದು ಒಗ್ಗರಣೆಯನ್ನು ಚೆಲ್ಲಿ ಹೊಸದಾಗಿ ಹಾಕಿದ್ದರಂತೆ. ನಾನು ಸಮಾಧಾನ ಮಾಡಲೆಂದು, ಈ ಪೊಟ್ಟಣ ತಿನ್ನುವವರಲ್ಲಿ ಅರ್ಧ ಜನಕ್ಕೆ ನಿಮ್ಮ ಹಾಗೆಯೇ ರುಚಿಯೇ ಗೊತ್ತಾಗುವುದಿಲ್ಲ, ಕರಿಬೇವಿಗೆ ಯಾಕೆ ಇಷ್ಟು ಒದ್ದಾಟ ಎಂದೆ. ಐತಾಳರು ಗೇಟಿನಿಂದ ದೂರ ಸರಿದು ನಿಂತು ಹೇಳಿದರು: "ಹಾಗಲ್ಲ ಮಾರಾಯ್ರೇ. ಅವ್ರಿಗೆ ರುಚಿ ಯಾವತ್ತೋ ಒಂದು ದಿನ ವಾಪಸ್ ಬರ್ತದಲ್ಲ, ಆ ದಿನ ಯಾವುದು ಅಂತ ನಮಗೆ ಗೊತ್ತಿಲ್ಲ. ಬಂದ ದಿನ ಬಾಯಲ್ಲಿರೋ ಸಾಂಬಾರು ಸರಿಯಾಗಿರ್ಬೇಕು."

ತನಗೆ ರುಚಿ ಮರಳುತ್ತದೋ ಇಲ್ಲವೋ ತಿಳಿಯದ ಮನುಷ್ಯ, ಮುಖ ನೋಡದವರಿಗೆ ರುಚಿ ಮರಳುವ ದಿನಕ್ಕಾಗಿ ದಿನಾ ಬೆಳಿಗ್ಗೆ ಎದ್ದು ತಯಾರಾಗುತ್ತಿದ್ದರು. ನಾನು ಲೋಟವೆತ್ತಿ ಎಂದಿಗಿಂತ ಶ್ರದ್ಧೆಯಿಂದ ಕುಡಿದೆ. ಬಹಳ ಯೋಚಿಸಿ, ಒಂದು ಚೂರು ಬೆಲ್ಲ ಬೇಕೆಂದೆ.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಬಟ್ಟಲು ಬರಲಿಲ್ಲ. ಕಂಬದ ಮೇಲೆ ಕಾಗೆ ಕೂತಿತ್ತು. ಪಾಠ ನಡೆಸುತ್ತಲೇ ಮತ್ತೆ ಮತ್ತೆ ಕಿಟಕಿಯಿಂದ ಇಣುಕಿದೆ. ಐತಾಳರು ಗಂಟು ಎತ್ತಿಕೊಂಡು ಹೊರಟೇಬಿಟ್ಟರು ಎಂದುಕೊಂಡೆ. ತರಗತಿಗೆ ಪುಸ್ತಕ ಓದಿಕೊಳ್ಳಲು ಹೇಳಿ, ಮಾಸ್ಕು ಏರಿಸಿ ಹೋಟೆಲಿಗೆ ಓಡಿದೆ. ಹಗ್ಗದ ಹಿಂದೆ ಐತಾಳರು ಸೌಟು ಹಿಡಿದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ನನ್ನನ್ನು ಕಂಡವರೇ, "ಮೇಷ್ಟ್ರೇ, ಇದು ಸಾಂಬಾರಲ್ಲ, ಪಾಯಸ. ಎಷ್ಟು ದಿವಸದಿಂದ ಹೀಗೆ?" ಎಂದರು.

ನಾಲಿಗೆ ಬಂದಿತ್ತು. ನಾನು ಸಂತೋಷಪಡಬೇಕೋ ತಲೆತಪ್ಪಿಸಿಕೊಳ್ಳಬೇಕೋ ತಿಳಿಯದೆ ಹಗ್ಗ ಹಿಡಿದು ನಿಂತೆ. ಐತಾಳರು ಜಯಮ್ಮನ ಕಡೆ ತಿರುಗಿ, ದಿನಾ ತಿನ್ನುತ್ತಿದ್ದ ನೀವಾದರೂ ಹೇಳಬಾರದಿತ್ತೇ ಎಂದು ಕೇಳಿದರು. "ಹೇಳೋದೇನು? ನಿಮ್ ಸಾಂಬಾರು ನನ್ ಬಾಯಿಗೆ ಯಾವಾಗ್ಲೂ ಪಾಯಸಾನೇ," ಎಂದರು ಜಯಮ್ಮ. ಬಳೇಪೇಟೆಯ ಗಾಡಿಯವರನ್ನು ವಿಚಾರಿಸಿದರೆ, ಕಷ್ಟದ ಕಾಲದಲ್ಲಿ ಬಾಯಿ ಸಿಹಿಯಾಗಿರಲಿ ಎಂದು ಅಮ್ಮ ಬೇಕೆಂದೇ ಹಾಗೆ ಮಾಡಿಸುತ್ತಿದ್ದಾರೆ ಎಂದುಕೊಂಡಿದ್ದರಂತೆ. ಕಾಯಿಲೆಯವರಿಗೆ ಹೇಗೂ ತಿಳಿಯುತ್ತಿರಲಿಲ್ಲ. ಹೀಗೆ ಇಡೀ ಪೇಟೆ ನನ್ನ ಡಯಾಬಿಟಿಸನ್ನು ಹಂಚಿಕೊಂಡು ಉಂಡಿತ್ತು. ಜಯಮ್ಮ ಸ್ಟೂಲಿನ ಕೆಳಗಿನಿಂದ ಬಟ್ಟೆಯ ಗಂಟನ್ನು ಎಳೆದು ಐತಾಳರ ಕೈಗೆ ಕೊಟ್ಟು, ಒಗೆಯಲು ಹಾಕಿಕೊಳ್ಳಿ, ವಾಸನೆ ಬರುತ್ತಿದೆ ಎಂದರು. ಐತಾಳರು ಗಂಟನ್ನು ಮೂಗಿಗೆ ಹಿಡಿದು, ಹೌದು, ಬರುತ್ತಿದೆ ಎಂದು ಮಗುವಿನ ಹಾಗೆ ನಕ್ಕರು. ನನ್ನ ಕೆಲಸ ಅಲ್ಲಿಗೆ ಹೋಯಿತು.

ಈಗ ಮೇಜು ಕುರ್ಚಿಗಳೆಲ್ಲ ಗೋಡೆಯಿಂದ ಇಳಿದಿವೆ. ಹಂಡೆ ಮಲ್ಲೇಶ್ವರದಾಚೆಗೆ ಮರಳಿ ತನ್ನ ಹಳೆಯ ದಾರಿ ಹಿಡಿದಿದೆ. ಮೊನ್ನೆ ಭಾನುವಾರ ಸುಮಾಳನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಅಡುಗೆಮನೆಯ ಕಿಂಡಿಗೆ ಎದುರಾಗಿ ಕೂತಿದ್ದಳು. ಇಡ್ಲಿ ಬಂತು. ನಾನು ಬಟ್ಟಲು ಮುಂದೆ ತಳ್ಳಿ, "ಬೆಲ್ಲ ಸ್ವಲ್ಪ ಜಾಸ್ತಿ ಐತಾಳ್ರೇ" ಎಂದೆ. ಐತಾಳರು ಮರುಮಾತಿಲ್ಲದೆ ಬಟ್ಟಲನ್ನು ಒಳಗೆ ಒಯ್ದು, ಸ್ವಲ್ಪ ಹೊತ್ತಿಗೆ ತಂದಿಟ್ಟರು.

"ಅವ್ರು ಏನೂ ಮಾಡ್ಲಿಲ್ಲ ಕಣ್ರೀ," ಎಂದಳು ಸುಮಾ ಪಿಸುದನಿಯಲ್ಲಿ. "ಒಳಗೆ ಹೋಗಿ ಒಂದು ಚಮಚ ತಾವೇ ಕುಡಿದ್ರು. ತಲೆ ಆಡಿಸಿದ್ರು. ಹಾಗೇ ವಾಪಸ್ ತಂದ್ರು."

ಅಂದರೆ ಇಷ್ಟು ವರ್ಷವೂ ಹೀಗೆಯೇ ನಡೆದಿದೆ. ಐತಾಳರು ಎದುರಿಗೇ ನಿಂತು ಕಾಯುತ್ತಿದ್ದರು. ತನ್ನ ನಾಲಿಗೆಯನ್ನು ತಾನೇ ನಂಬುವ ಮನುಷ್ಯನ ಮುಖ ಎಷ್ಟು ಚೆನ್ನಾಗಿರುತ್ತದೆ ಎಂದು ಅವತ್ತು ನೋಡಿದೆ. ಒಂದು ಚಮಚ ಬಾಯಿಗಿಟ್ಟು, ಕಣ್ಣುಮುಚ್ಚಿ, ಈಗ ಸರಿಯಾಯ್ತು ಎಂದೆ.